ಕೆಂಪು ಬಟ್ಟೆಯ ಬೆಂಕಿ

ಬೆಂಕಿ ಆರಿಸುವುದನ್ನು ನಾನು ಕಲಿತದ್ದು ಕೆಂಪು ಬಟ್ಟೆಯಿಂದ. ಹೀಗೆಂದರೆ ಕೇಳಿದವರು ನಗುತ್ತಾರೆ. ಚರ್ಚಾಕೂಟದ ಚಟ ಇವನಿಗೆ ಇನ್ನೂ ಬಿಟ್ಟಿಲ್ಲ, ಮಾತಿಗೆ ಬಣ್ಣ ಹಚ್ಚುತ್ತಾನೆ ಎನ್ನುತ್ತಾರೆ. ಬಣ್ಣ ಹಚ್ಚಿದವನು ನಾನಲ್ಲ, ಇಲಾಖೆ.

ಬಳ್ಳಾರಿಯ ಅರಣ್ಯ ಕಚೇರಿಯ ಹಿಂದೆ ಒಂದು ತಗಡಿನ ಷೆಡ್ಡು, ಅದರ ಮುಂದೆ ಒಂದು ಬಯಲು. ಗಾರ್ಡು ಕೆಲಸದ ತರಬೇತಿಗೆಂದು ಸೇರಿದ ನಾವು ಹದಿನಾಲ್ಕು ಜನ ಆ ಬಯಲಿನಲ್ಲಿ ಬೇವಿನ ಹಸಿ ಟೊಂಗೆ ಹಿಡಿದು ಸಾಲಾಗಿ ನಿಲ್ಲುತ್ತಿದ್ದೆವು. ಕಚೇರಿಯ ಜವಾನ ಬಿದಿರು ಕೋಲಿಗೆ ಗಜದಷ್ಟು ಕೆಂಪು ಬಟ್ಟೆ ಕಟ್ಟಿಕೊಂಡು ಓಡುತ್ತಿದ್ದ. ಅವನೇ ಕಾಡ್ಗಿಚ್ಚು. ನಾವು ಅವನ ಬೆನ್ನು ಹತ್ತಿ ಬಟ್ಟೆಯನ್ನು ಬಡಿಯಬೇಕು. ರೇಂಜರ್ ಸಾಹೇಬರು ಸೀಟಿ ಊದಿದ ಕೂಡಲೇ ಕಾಡ್ಗಿಚ್ಚು ನಿಲ್ಲುತ್ತಿತ್ತು, ಹಣೆಯ ಬೆವರು ಒರೆಸಿಕೊಂಡು ಬೀಡಿ ಹಚ್ಚುತ್ತಿತ್ತು.

ಮೂರನೆಯ ದಿನವೇ ನಾನು ಷೆಡ್ಡಿನೊಳಗಿನ ಪಾಠದ ಹೊತ್ತಿನಲ್ಲಿ ಎದ್ದು ನಿಂತು ಕೇಳಿದೆ: "ಸಾರ್, ಒಂದು ಮಾರು ಹುಲ್ಲಿಗೆ ನಿಜವಾಗಿ ಬೆಂಕಿ ಹಚ್ಚಿ ತೋರಿಸಬಾರದೇ?"

ರೇಂಜರು ತೆಲುಗು ಸೀಮೆಯವರು. ಕೆಟ್ಟವರಲ್ಲ. ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿ, ತೆಲುಗಿನಲ್ಲಿ ಬಿಡಿಸಿ, ಕನ್ನಡದಲ್ಲಿ ಬೈಯುತ್ತಿದ್ದರು.

"ಯಾವ ಜಾಗದಾಗ ಹಚ್ಚಲಯ್ಯ? ಇಲಾಖೆ ಜಾಗದಾಗ ಬೆಂಕಿ ಹಚ್ಚೋದು ಅಪರಾಧ. ಚಟ್ಟಂ ಒಪ್ಪುಕೋದು, ಕಾನೂನು ಒಪ್ಪೋದಿಲ್ಲ."

"ಹಾಗಾದರೆ ಬೆಂಕಿ ನೋಡದೇ ಬೆಂಕಿ ಆರಿಸೋದು ಕಲಿಯಬೇಕು."

"ಅದಕ್ಕೇ ಬಟ್ಟೆ ತಂದಿರೋದು."

ನನ್ನ ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಸಾಹೇಬ್ರ, ಬಟ್ಟಿ ನೀರಾಗ ಎದ್ದಿ ತರಬೇಕಾಗಿತ್ರಿ. ಲಗೂನ ಆರತಿತ್ತು." ಷೆಡ್ಡೆಲ್ಲ ನಗು. ರೇಂಜರೂ ನಕ್ಕರು. ಹಾಗೆ ಮಾತಾಡಿದವನು ಕುರುಗೋಡಿನವನು. ನಾನು ಬರೆಯಹೊರಟಿರುವುದು ಅವನ ವಿಷಯ.

ನಮ್ಮನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹಾಜರಿಯನ್ನು ಊರಿನ ಮೇಲೆ ಕೂಗುವುದು ಅಲ್ಲಿನ ರೂಢಿ. ಸಿರುಗುಪ್ಪ, ಹಚ್ಚೊಳ್ಳಿ, ಹಲಕುಂದಿ, ಕುರುಗೋಡು. ನಾನು ಕೌಲ್ ಬಜಾರ್. ಅಪ್ಪನದು ಅಲ್ಲಿ ಕಟ್ಟಿಗೆ ಅಡ್ಡೆ. ಹೀಗಾಗಿ ಕಾಡೆಂದರೆ ನನ್ನ ಮಟ್ಟಿಗೆ ತಕ್ಕಡಿಯಲ್ಲಿ ತೂಗುವ ವಸ್ತುವಾಗಿತ್ತು. ನಿಂತ ಮರವನ್ನು ಗುರುತಿಸಲು ಬರುತ್ತಿರಲಿಲ್ಲ, ಸೀಳಿದ ಮರವನ್ನು ವಾಸನೆಯಿಂದಲೇ ಹೇಳುತ್ತಿದ್ದೆ. ಅಡ್ಡೆಗೆ ಆಗಾಗ ಗಾರ್ಡೊಬ್ಬ ಬಂದು ಪರ್ಮಿಟ್ ಕೇಳುತ್ತಿದ್ದ. ಅಪ್ಪ ಎದ್ದು ನಿಂತು ಉತ್ತರ ಕೊಡುತ್ತಿದ್ದ. ನಾನು ಇಂಟರ್ ಮುಗಿಸಿ, ಕಾಲೇಜಿನ ಚರ್ಚಾಕೂಟದ ಎರಡು ಬೆಳ್ಳಿ ಬಟ್ಟಲು ಹಿಡಿದು ಮನೆಗೆ ಬಂದು ಕೂತಾಗ ಅಪ್ಪ ಹೇಳಿದ್ದು ಒಂದೇ ಮಾತು: "ನಿನಗ ಕೇಳಾಕ ಭಾಳ ಬರತೈತಿ. ಕೇಳೂ ಕೆಲಸಕ್ಕ ಹೋಗು."

ಆಗ ಊರಿನಲ್ಲಿ ಯಾವ ಚರ್ಚೆ ಎತ್ತಿದರೂ ಅದು ಬಳ್ಳಾರಿ ಯಾವ ರಾಜ್ಯಕ್ಕೆ ಸೇರಬೇಕು ಎಂಬಲ್ಲಿಗೇ ಹೋಗಿ ನಿಲ್ಲುತ್ತಿತ್ತು. ನಾನು ಆ ವಿಷಯದ ಮೇಲೆ ಒಂದು ವಾರ ಪರವಾಗಿ, ಮುಂದಿನ ವಾರ ವಿರೋಧವಾಗಿ ಮಾತಾಡಿ ಎರಡರಲ್ಲೂ ಗೆದ್ದವನು. ಗೆಲ್ಲುವುದು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು: ಎದುರಿನವನು ಸುಮ್ಮನಾಗಬೇಕು, ಗಂಟೆ ಹೊಡೆಯಬೇಕು, ಜನ ಚಪ್ಪಾಳೆ ತಟ್ಟಬೇಕು. ಅದರ ಮೇಲೆ ಯಾರದಾದರೂ ಅನ್ನ ನಿಂತಿರುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಕುರುಗೋಡಿನವನು ಕುರಿಯವರ ಮನೆಯವನು. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಮೂರು ಬೇಸಿಗೆ ಇಲಾಖೆಯಲ್ಲಿ ಬೆಂಕಿ ಕಾಯುವ ಆಳಾಗಿದ್ದ. ಹುಲ್ಲು ಒಣಗಿದಾಗ ಕರೆಯುವುದು, ಮಳೆ ಬಿದ್ದ ಮರುದಿನ ಮನೆಗೆ ಕಳಿಸುವುದು. ಈ ತರಬೇತಿ ಪಾಸಾದರೆ ಕಾಯಂ ಗಾರ್ಡು, ಸೊಂಟಕ್ಕೆ ಹಿತ್ತಾಳೆ ಬಿಲ್ಲೆಯ ಪಟ್ಟಿ. ಆದರೆ ಅವನ ಆಸೆ ಬಿಲ್ಲೆಯ ಮೇಲಿರಲಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ರೊಟ್ಟಿ ಮುರಿಯುತ್ತ ತಾನೇ ಹೇಳಿದ.

"ಕುರಿ ಹಿಂದ ಬಿದ್ದೋರಿಗೆ ಮನಿ ಅಂಬೋದು ಇರಂಗಿಲ್ಲಲೇ ಬಜಾರ. ದೀಪಾವಳಿ ಮುಂದ ಬಿಟ್ರ, ಹೊಳಿ ದಂಡಿ, ಹಚ್ಚೊಳ್ಳಿ ಹೊಲ, ಅಲ್ಲಿಂದ ಮತ್ತೆಲ್ಲೋ. ತಿರುಗಿ ಬರೂದ್ರಾಗ ಮುಂಗಾರು. ನನ್ನ ಮಗಳು ನನ್ನ ನೋಡಿ ಅಳತಾಳ, ಯಾರೋ ಬಂದಾರ ಅಂತ."

"ಹಾಗಾದರೆ ಬಿಟ್ಟುಬಿಡು."

"ಬಿಡಾಕ ಅಣ್ಣ ಒಪ್ಪಬೇಕಲ್ಲ? ಒಂದು ವರ್ಷ ಬಿಟ್ಟಾನ. ಗಾರ್ಡಾದ್ಯೋ, ನಿನ್ನ ಪಾಲಿನ ಕುರಿ ನಾನ ಕಾಯತೀನಿ, ಮನ್ಯಾಗಿರು. ಆಗಲಿಲ್ಲೋ, ಕಂಬಳಿ ಹೊತ್ತು ಬಾ ಅಂದಾನ. ಹಂಗ ಮಾತಾಗೈತಿ." ರೊಟ್ಟಿಯ ಕೊನೆಯ ಚೂರು ಬಾಯಿಗಿಟ್ಟು ಸೇರಿಸಿದ: "ಒಂದು ದೀಪಾವಳಿ ಮನ್ಯಾಗ ಮಾಡಬೇಕಂತ ಐತಿ. ಒಂದ."

ಅವನಿಗೆ ಕನ್ನಡ ಓದಲು ಬರುತ್ತಿತ್ತು, ಬೆರಳಿಟ್ಟು, ನಿಧಾನವಾಗಿ. ಪುಸ್ತಕ ಇಂಗ್ಲಿಷಿನದು. ಅದಕ್ಕೇ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಸಂಜೆ ಷೆಡ್ಡಿನ ಕಟ್ಟೆಯ ಮೇಲೆ ನಾನು ಪಾಠವನ್ನು ಕನ್ನಡ ಮಾಡಿ ಅವನಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಪುಸ್ತಕದಲ್ಲಿ ಇಲ್ಲದ್ದನ್ನು ಅವನು ನನಗೆ ಹೇಳುತ್ತಿದ್ದ. ಪುಸ್ತಕ ಯಾವುದೋ ಮಳೆಕಾಡಿನ ದೊರೆಗಳು ಬರೆದದ್ದು. ಅದರಲ್ಲಿ ಜಾರುವ ಬಂಡೆ, ಜಿಗಣೆ, ಆನೆಯ ಬಗ್ಗೆ ಒಂದೊಂದು ಅಧ್ಯಾಯವಿತ್ತು. ನಮ್ಮ ಕುರುಚಲು ಗುಡ್ಡ, ಕಾರೆ ಕಂಟಿ, ಬೇಸಿಗೆಯಲ್ಲಿ ಮುಟ್ಟಿದರೆ ಪುಡಿಯಾಗುವ ಕರಡದ ಹುಲ್ಲು, ಇವುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಎದುರು ಬೆಂಕಿ ಎಂಬುದಕ್ಕೆ ಮಾತ್ರ ಅರ್ಧ ಪುಟ ಮೀಸಲಿತ್ತು. ಬರುವ ಬೆಂಕಿಯ ಎದುರಿಗೆ ನಾವೇ ಇನ್ನೊಂದು ಬೆಂಕಿ ಹಚ್ಚಿ ಅದಕ್ಕೆ ತಿನ್ನಲು ಏನೂ ಉಳಿಯದಂತೆ ಮಾಡುವುದು. ಅದನ್ನು ಓದಿ ಹೇಳಿದಾಗ ಅವನು ನಕ್ಕ.

"ಇದನ್ನ ಬುಕ್ಕಿನ್ಯಾಗ ಬರದಾರ? ನಮ್ಮಜ್ಜ ಮಾಡತಿದ್ದ. ಬೆಂಕಿ ಓಡೂದಿಲ್ಲಲೇ, ಉಣ್ಣತೈತಿ. ಮುಂದ ಉಣ್ಣಾಕ ಇಲ್ಲಂದ್ರ ಎಲ್ಲಿಗ್ಹೋಗತೈತಿ?"

"ಹಚ್ಚೋದು ಯಾವಾಗ?"

"ಅದನ್ನ ಬೆಂಕೀನ ಹೇಳತೈತಿ. ಹತ್ರ ಬಂದಾಗ ಗಾಳೀನ ತನ್ನ ಕಡೆ ಎಳಕೊಳತೈತಿ. ಅವಾಗ ಹಚ್ಚಿದ್ರ ನಮ್ಮ ಬೆಂಕಿ ಅದರ ಕಡೀನ ಹೋಗತೈತಿ. ಅದಕಿಂತ ಮದ್ಲ ಹಚ್ಚಿದ್ಯೋ, ನಿನ್ನ ಮೈಮ್ಯಾಲ."

ಪುಸ್ತಕದಲ್ಲಿ ಇದು ಇರಲಿಲ್ಲ. ಅವನು ಹೇಳಿದ್ದನ್ನು ನಾನು ಬರೆದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ನಮ್ಮನ್ನು ಸಿರುಗುಪ್ಪಕ್ಕೆ ಕರೆದೊಯ್ದರು. ಹೊಳೆದಂಡೆಯಲ್ಲಿ ಜಾಲಿ ಸಸಿ ಎಬ್ಬಿಸುವ ಕೆಲಸ. ಜಾಲಿ ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ಕುದಿಯುವ ನೀರಿಗೆ ಹಾಕಿ ಮೆತ್ತಗೆ ಮಾಡಿ ಬಿತ್ತಬೇಕು ಎಂದು ಪುಸ್ತಕ. ಹಂಡೆಗಟ್ಟಲೆ ನೀರು ಕಾಯಿಸಿ, ಮೂರು ಮಡಿಯಲ್ಲಿ ಬಿತ್ತಿದೆವು. ಅಲ್ಲೊಂದು ಇಲ್ಲೊಂದು ಮೊಳಕೆ ಬಂತು. ನಾಲ್ಕನೆಯ ಮಡಿಯಲ್ಲಿ ಕುರುಗೋಡಿನವನು ಯಾರಿಗೂ ಹೇಳದೇ ಪಕ್ಕದ ಹಟ್ಟಿಯಿಂದ ಹೋದ ಬೇಸಿಗೆಯ ಆಡಿನ ಹಿಕ್ಕೆ ತಂದು, ಅದರಲ್ಲಿದ್ದ ಬೀಜ ಆರಿಸಿ ಬಿತ್ತಿದ್ದ. ಆಡು ಜಾಲಿಕಾಯಿ ತಿನ್ನುತ್ತದೆ. ಅದರ ಹೊಟ್ಟೆಯಲ್ಲಿ ಸಿಪ್ಪೆ ಕರಗುತ್ತದೆ. ಆ ಮಡಿ ತಲೆಗೂದಲಿನ ಹಾಗೆ ಎದ್ದಿತು.

ರೇಂಜರು ಬಗ್ಗಿ ನೋಡಿ ಸಂತೋಷಪಟ್ಟರು. ಆಮೇಲೆ ದಾಖಲೆಯಲ್ಲಿ ಬರೆದರು: ಬಿಸಿನೀರಿನ ಕ್ರಮದಿಂದ ಮೊಳಕೆ ತೃಪ್ತಿಕರ.

ನಾನು ಬಿಡಲಿಲ್ಲ. "ಇದು ಸುಳ್ಳು, ಸಾರ್. ಬಿಸಿನೀರು ಸೋತಿದೆ, ಆಡು ಗೆದ್ದಿದೆ."

"ಫಾರಮ್ಮಿನಾಗ ಎರಡು ಕಾಲಂ ಇದೆಯಯ್ಯ. ಬಿಸಿನೀರು, ತಣ್ಣೀರು. ಆಡಿನ ಕಾಲಂ ತೋರಿಸು, ಬರೀತೀನಿ."

"ಇಲ್ಲದಿದ್ದರೆ ಹೊಸದಾಗಿ ಒಂದು ಗೆರೆ ಎಳೀರಿ."

"ಗೆರೆ ಎಳೆಯೋಕೆ ಮದ್ರಾಸಿಗೆ ಬರೀಬೇಕು!"

ಅರ್ಧ ಗಂಟೆ ವಾದಿಸಿದೆ. ಹಚ್ಚೊಳ್ಳಿಯವನು ಬುತ್ತಿ ಬಿಚ್ಚಿಕೊಂಡು ಆಟ ನೋಡುವವನಂತೆ ಕೂತಿದ್ದ. ಕೊನೆಗೆ ಕುರುಗೋಡಿನವನೇ ನನ್ನ ತೋಳು ಹಿಡಿದು ಎಳೆದ. "ಇರಲಿ ಬಿಡಲೇ. ಗಿಡ ಬಂತಲ್ಲ?"

ನನಗೆ ಅವನ ಮೇಲೂ ಸಿಟ್ಟು ಬಂತು. ತನ್ನ ಕೆಲಸ ತನ್ನದೆಂದು ಹೇಳಿಕೊಳ್ಳಲಾಗದವನು ಎಂಥ ಮನುಷ್ಯ ಎಂದುಕೊಂಡೆ.

ಶಿವರಾತ್ರಿಯ ನಂತರ ಕುರುಗೋಡು. ಗುಡ್ಡದ ಬುಡದಲ್ಲಿ ಇಲಾಖೆ ಎರಡು ವರ್ಷದ ಹಿಂದೆ ಬೇವು ಮತ್ತು ಕಮರದ ಸಸಿ ನೆಟ್ಟಿತ್ತು. ಆಳೆತ್ತರಕ್ಕೂ ಬಂದಿರಲಿಲ್ಲ. ಅದರ ಪಡುವಣಕ್ಕೆ ಗಾಡಿದಾರಿಯವರೆಗೂ ಕರಡದ ಹುಲ್ಲು. ಮಧ್ಯಾಹ್ನದ ಗಾಳಿಯೂ ಪಡುವಣದ್ದೇ. ನಡುವೆ ಬೆಂಕಿ ದಾಟದ ಹಾಗೆ ಇಪ್ಪತ್ತು ಅಡಿ ಅಗಲದ ಪಟ್ಟೆಯಲ್ಲಿ ಹುಲ್ಲು ಕೊಯ್ದು ಬೆಂಕಿಗೆರೆ ಮಾಡುವುದು ನಮ್ಮ ಕೊನೆಯ ಪಾಠ. ಕುಡುಗೋಲು ಹಿಡಿದು ಐದು ದಿನ ಕೊಯ್ದೆವು. ಕೈಯೆಲ್ಲ ಬೊಬ್ಬೆ. ಕೊಯ್ದ ಹುಲ್ಲು ಅಲ್ಲೇ ಬಿದ್ದಿತ್ತು.

"ಇದನ್ನೇನು ಮಾಡೋದು, ಸಾರ್?"

"ಸುಡಬೇಕು. ಸುಡೋಕೆ ಮೇಲಿಂದ ಬರವಣಿಗೆ ಅಪ್ಪಣೆ ಬೇಕು."

"ಊರವರು ಹೊತ್ತುಕೊಂಡು ಹೋಗಲಿ."

"ಹುಲ್ಲು ಅರಣ್ಯ ಉತ್ಪನ್ನ. ಪರ್ಮಿಟ್ ಬೇಕು."

ಹೀಗೆ ಅದು ಅಲ್ಲೇ ಬಿದ್ದು ಬಿಸಿಲಿಗೆ ಒಣಗಿ ಗರಿಗರಿಯಾಯಿತು. ಬುದ್ಧಿಯಿದ್ದ ಯಾರಾದರೂ ಇದಕ್ಕೆ ಉತ್ತರ ಹೇಳಲಿ: ನಾವು ಬೆಂಕಿಗೆ ತಡೆ ಕಟ್ಟಿದ್ದೆವೋ, ಹಾಸಿಗೆ ಹಾಸಿದ್ದೆವೋ? ನಾನು ದಿನಾ ಕೇಳಿ ಕೇಳಿ ರೇಂಜರ ತಲೆ ತಿಂದೆ. ಒಂದು ಬೆಳಿಗ್ಗೆ ಅವರು ತಡೆಯಲಾರದೆ, ಅಪ್ಪಣೆ ನಾನೇ ತರುತ್ತೇನೆ ಎಂದು ಬಳ್ಳಾರಿಗೆ ಹೊರಟರು. ಹೋಗುವಾಗ ಹೇಳಿದರು: "ನಾನು ಬರೋತನಕ ಬಟ್ಟೆ ಡ್ರಿಲ್ಲು ಮಾಡ್ತಾ ಇರ್ರಿ."

ಮಾಡುತ್ತಿದ್ದೆವು. ಜವಾನ ಕೆಂಪು ಬಟ್ಟೆ ಹಿಡಿದು ಗೆರೆಯ ಉದ್ದಕ್ಕೂ ಓಡುತ್ತಿದ್ದ, ನಾವು ಬಡಿಯುತ್ತಿದ್ದೆವು. ಮೊದಲು ನೋಡಿದವನು ಸಿರುಗುಪ್ಪದವನು. "ಲೇ, ಹೊಗಿ! ಹಿಂದ ನೋಡ್ರಲೇ!" ಎಂದು ಕೂಗಿದ. ಗಾಡಿದಾರಿಯ ಕಡೆ ಹೊಗೆ ಎದ್ದಿತ್ತು. ಯಾವ ಗಾಡಿಯವನ ಚುಟ್ಟಾನೋ ಏನೋ. ಜವಾನನಿಗೆ ಕೇಳಿಸಲಿಲ್ಲ. ನಿಜವಾದ ಬೆಂಕಿ ಬೆನ್ನ ಹಿಂದೆ ಬರುತ್ತಿರುವಾಗ ಅವನು ಇನ್ನೂ ಬೆಂಕಿಯಾಗಿ ಓಡುತ್ತಲೇ ಇದ್ದ. ನಮ್ಮಲ್ಲಿ ಇಬ್ಬರು ಬಟ್ಟೆಯನ್ನು ಬಡಿಯುತ್ತಲೇ ಇದ್ದರು.

ಟೊಂಗೆ ಹಿಡಿದು ನುಗ್ಗಿದೆವು. ಕಲಿತದ್ದು ಅದೊಂದೇ. ಬಟ್ಟೆಗೆ ಕಾವು ಇರಲಿಲ್ಲ ಎಂಬುದು ಆಗ ಗೊತ್ತಾಯಿತು. ಹತ್ತು ಮಾರು ದೂರದಿಂದಲೇ ಮುಖ ಸುಟ್ಟಂತಾಯಿತು, ನನ್ನ ಕಣ್ಣರೆಪ್ಪೆಯ ಕೂದಲು ಸುರುಟಿಕೊಂಡಿತು. ಒಂದು ಕಡೆ ಬಡಿದರೆ ನಾಲ್ಕು ಕಡೆ ಏಳುತ್ತಿತ್ತು. ಹಲಕುಂದಿಯವನು ಟೊಂಗೆ ಬಿಸುಟು ಓಡಿದ, ನಾನೂ ಹಿಂದೆ ಸರಿದೆ.

"ಬಿಡ್ರಲೇ ಅದನ್ನ! ಇಲ್ಲಿ ಬರ್ರಿ, ಹುಲ್ಲು ಎಳೀರಿ!"

ಕುರುಗೋಡಿನವನು ಬೆಂಕಿಗೆರೆಯ ಮೇಲೆ ನಿಂತು ಕೂಗುತ್ತಿದ್ದ. ಕೊಯ್ದು ಬಿದ್ದಿದ್ದ ಹುಲ್ಲನ್ನೆಲ್ಲ ಗೆರೆಯ ಆಚೆ ಅಂಚಿಗೆ, ಬೆಂಕಿ ಬರುವ ಕಡೆಗೆ, ಎಳೆದು ಹಾಕಿಸಿದ. ಬರಿಗೈಯಲ್ಲಿ ತಬ್ಬಿ ತಬ್ಬಿ ಎಳೆದೆವು. ಗೆರೆ ಬರಿ ನೆಲವಾಯಿತು. ಜವಾನನ ಜೇಬಿಗೆ ಕೈಹಾಕಿ ಬೆಂಕಿಪೆಟ್ಟಿಗೆ ತೆಗೆದುಕೊಂಡ. ಆಮೇಲೆ, ನಂಬುತ್ತೀರೋ ಇಲ್ಲವೋ, ಸುಮ್ಮನೆ ನಿಂತ.

"ಹಚ್ಚಲೇ!" ಎಂದು ನಾನು ಕಿರುಚಿದೆ.

"ತಡಿ."

ಒಂದು ಹಿಡಿ ಮಣ್ಣು ತೆಗೆದು ಬೆರಳ ಸಂದಿಯಿಂದ ಬಿಟ್ಟ. ಧೂಳು ನಮ್ಮ ಕಡೆಗೇ ಬಂತು. ಬೆಂಕಿ ಇನ್ನೂ ಹತ್ತಿರವಾಯಿತು. ಮತ್ತೊಂದು ಹಿಡಿ ಬಿಟ್ಟ. ಧೂಳು ನೆಟ್ಟಗೆ ಬಿತ್ತು. ಮೂರನೆಯ ಹಿಡಿಯ ಧೂಳು ನಮ್ಮಿಂದ ಬೆಂಕಿಯ ಕಡೆಗೆ ಬಾಗಿತು.

"ಈಗ."

ಕಡ್ಡಿ ಗೀರಿ ಎಳೆದುಹಾಕಿದ ಹುಲ್ಲಿಗೆ ಇಟ್ಟ. ಒಣ ಹುಲ್ಲಿನ ಹಿಡಿಗಳನ್ನು ಪಂಜಿನಂತೆ ಹಿಡಿದು ಉದ್ದಕ್ಕೂ ಓಡಿದ. ಅವನ ಬೆಂಕಿ ನಮ್ಮನ್ನು ಮುಟ್ಟದೇ ಆ ದೊಡ್ಡ ಬೆಂಕಿಯ ಕಡೆಗೇ ಹೋಯಿತು, ಕರೆದವರ ಮನೆಗೆ ಹೋಗುವಂತೆ. ಎರಡೂ ಕೂಡಿದಲ್ಲಿ ಒಮ್ಮೆ ತಾಳೆಮರದೆತ್ತರ ಎದ್ದು, ಆಮೇಲೆ ಇಲ್ಲವಾಯಿತು. ಈಚೆ ಹಾರಿದ ಕಿಡಿಗಳನ್ನು ಮಾತ್ರ ಟೊಂಗೆಯಿಂದ ಬಡಿದೆವು. ಮೊದಲ ಸಾಲಿನ ಬೇವಿನ ಎಲೆ ಬಾಡಿದ್ದು ಬಿಟ್ಟರೆ ಸಸಿಗಳಿಗೆ ಏನೂ ಆಗಲಿಲ್ಲ.

ಸಂಜೆ ರೇಂಜರು ಬಂದರು. ಅಪ್ಪಣೆ ಸಿಕ್ಕಿರಲಿಲ್ಲ, ಮೇಲಿನ ಸಾಹೇಬರು ಟೂರಿನಲ್ಲಿದ್ದರಂತೆ. ಕಪ್ಪು ನೆಲದ ಉದ್ದಕ್ಕೂ ನಡೆದು, ಬಾಡಿದ ಬೇವಿನ ಎಲೆ ಮುಟ್ಟಿ ನೋಡಿ, ಕುರುಗೋಡಿನವನ ಹೆಗಲ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟರು. ಆಮೇಲೆ ನಮ್ಮನ್ನೆಲ್ಲ ಕೂರಿಸಿ ಹೇಳಿದರು: "ಇದು ವಿಚಾರಣೆಗೆ ಹೋಗ್ತದೆ. ಸುಟ್ಟ ಜಾಗಕ್ಕೆಲ್ಲ ಹೋಗ್ತದೆ, ನಿಯಮ. ಈಚೆ ಬೆಂಕಿ ಯಾರು ಹಚ್ಚಿದರು ಅಂತ ನಾನು ಕೇಳೋದಿಲ್ಲ. ನಿಮ್ಮನ್ನು ಕೇಳಿದರೆ ಏಮೀ ಚೆಪ್ಪೊದ್ದು, ಏನೂ ಹೇಳಬೇಡಿ."

"ಸುಳ್ಳು ಹೇಳಬೇಕೇ, ಸಾರ್?" ಎಂದೆ.

"ಸುಳ್ಳಲ್ಲಯ್ಯ ಮಾರಾಯ. ಸುಮ್ಮನಿರೋದು. ನಿನಗೆ ಅದನ್ನ ಯಾವ ಸಾಲೆಯಲ್ಲೂ ಕಲಿಸಲಿಲ್ಲವಾ?"

ವಿಚಾರಣೆಗೆ ಬಂದವರು ಹೊರಗಿನ ಸಾಹೇಬರು. ಕನ್ನಡ ತಿಳಿಯದು, ತೆಲುಗೂ ಅಷ್ಟಕ್ಕಷ್ಟೆ. ರೇಂಜರ ಸರಹದ್ದಿನಲ್ಲೇ ಆದ ಬೆಂಕಿಯಾದ್ದರಿಂದ ಅವರನ್ನು ದುಭಾಷಿಯಾಗಿ ಕೂರಿಸುವ ಹಾಗಿರಲಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲವನು ಎಂದು ನನ್ನನ್ನು ಕರೆದರು. ಇಷ್ಟು ದಿನ ಹಿಕ್ಕೆಯ ಕಾಲಂ ಇಲ್ಲದ ಫಾರಮ್ಮಿನ ಮೇಲೆ ಒಳಗೊಳಗೇ ಕುದಿಯುತ್ತಿದ್ದವನಿಗೆ ಒಂದು ವೇದಿಕೆ ಸಿಕ್ಕಿತ್ತು.

ಆ ಊರಿನವನೆಂದು ಮೊದಲು ಕರೆದದ್ದು ಕುರುಗೋಡಿನವನನ್ನು; ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಬಾಗಿಲ ಹೊರಗೆ ನನ್ನ ಕಿವಿಯಲ್ಲಿ ಹೇಳಿದ: "ಭಾಳ ಮಾತಾಡಬ್ಯಾಡಲೇ. ಅವರು ಕೇಳಿದ್ದು ನನಗ ಹೇಳು, ನಾ ಹೇಳಿದ್ದು ಅವರಿಗೆ ಹೇಳು. ಸಾಕು."

ಮೊದಲ ಎರಡು ಪ್ರಶ್ನೆ ಹಾಗೇ ನಡೆದವು. ಎಲ್ಲಿದ್ದೆ, ಎಷ್ಟು ಜನ ಇದ್ದಿರಿ. ಮೂರನೆಯದನ್ನು ಕೇಳುವ ಮೊದಲು ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ವಯಸ್ಸಾದ ಮನುಷ್ಯ, ಪ್ರಯಾಣದಿಂದ ದಣಿದಿದ್ದರು. ಇಂಗ್ಲಿಷಿನಲ್ಲಿ, ಮೆಲ್ಲಗೆ, ಬಹಳ ಬಿಡಿಸಿ ಬಿಡಿಸಿ ಕೇಳಿದರು: "ಗಾಳಿ ಜೋರಾಗಿತ್ತು. ಆ ದೊಡ್ಡ ಬೆಂಕಿಯ ಕಿಡಿ ಹಾರಿ ಬಂದು ಗೆರೆಯ ಅಂಚಿನ ಹುಲ್ಲಿಗೆ ತಾನಾಗಿಯೇ ಹತ್ತಿಕೊಂಡಿರಬಹುದು, ಅಲ್ಲವೇ? ಅವನನ್ನು ಕೇಳಿ."

ಅವನನ್ನು ಕೇಳಿ ಎಂದರು. ಆ ಎರಡು ಶಬ್ದ ನನಗೆ ಈಗ ದಿನಾ ನೆನಪಾಗುತ್ತವೆ. ಆಗ ನನಗೆ ಕಂಡದ್ದು ಎದುರಿನವನ ವಾದದಲ್ಲಿ ಒಂದು ಬಿರುಕು ಮಾತ್ರ. ಅವನ ಕಡೆ ತಿರುಗಲೇ ಇಲ್ಲ.

"ಇಲ್ಲ, ಸಾರ್," ಎಂದೆ. "ಕಿಡಿ ಹಾರಲಿಲ್ಲ. ಇವನೇ ಹಚ್ಚಿದ. ಹಚ್ಚಿದ್ದಕ್ಕೇ ಸಸಿಗಳು ಉಳಿದವು."

ಅಲ್ಲಿಂದ ಶುರುವಾದದ್ದು ಹದಿನೈದು ನಿಮಿಷ ನಡೆಯಿತು. ಇಲಾಖೆಯದೇ ಪುಸ್ತಕ, ಅದರದೇ ಅಧ್ಯಾಯ, ಎದುರು ಬೆಂಕಿಯ ಅರ್ಧ ಪುಟ, ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದೆ. ಧೂಳು ಬಿಟ್ಟು ಗಾಳಿ ನೋಡಿದ್ದನ್ನು ಹೇಳಿದೆ, ಮೂರು ಹಿಡಿ ಎಂದು ಎಣಿಸಿ ಹೇಳಿದೆ. ಇದು ಆತುರದಲ್ಲಿ ಮಾಡಿದ್ದಲ್ಲ, ಪೂರ್ತಿ ಯೋಚಿಸಿ, ತೂಗಿ, ಸರಿಯಾದ ಕ್ಷಣಕ್ಕೆ ಕಾದು ಮಾಡಿದ್ದು ಎಂದು ಮೇಜು ಕುಟ್ಟಿದೆ. ಬೆಂಕಿ ಹಚ್ಚದೆ ಬೆಂಕಿ ಆರಿಸುವುದನ್ನು ಕಲಿಸುವ ಕಾನೂನಿನ ಮೂರ್ಖತನವನ್ನೂ ಬಿಡಲಿಲ್ಲ. ಅಷ್ಟು ಚೆನ್ನಾಗಿ ನಾನು ಕಾಲೇಜಿನಲ್ಲೂ ಮಾತಾಡಿರಲಿಲ್ಲ.

ಸಾಹೇಬರು ಕನ್ನಡಕ ಹಾಕಿಕೊಂಡರು. "ಅಂದರೆ ಇಲ್ಲಿ ಬೆಂಕಿ ಹಚ್ಚುವುದು ಅಪರಾಧ ಎಂದು ಅವನಿಗೆ ಗೊತ್ತಿತ್ತು?"

"ಗೊತ್ತಿತ್ತು, ಸಾರ್. ನಾನೇ ಓದಿ ಹೇಳಿದ್ದೆ."

"ಗೊತ್ತಿದ್ದೂ, ಯೋಚಿಸಿ, ಬೇಕೆಂದೇ ಹಚ್ಚಿದ?"

"ಖಂಡಿತವಾಗಿ!"

ಅವರು ಬರೆದುಕೊಂಡರು. ಬರೆದು ಮುಗಿಸಿ ನನ್ನ ಮುಖ ನೋಡಿದರು. "ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ," ಎಂದರು. ಚಪ್ಪಾಳೆ ತಟ್ಟುವವರು ಅಲ್ಲಿ ಯಾರೂ ಇರಲಿಲ್ಲ.

ಹೊರಗೆ ಬಂದಾಗ ಕುರುಗೋಡಿನವನು ಕೇಳಿದ: "ಏನಾತು? ಇಷ್ಟೊತ್ತು ಏನ್ ಮಾತಾಡಿದ್ರಿ?"

"ಗೆದ್ದಿದ್ದೇವೆ ಅಂತ ತಿಳಿ," ಎಂದೆ.

ಯುಗಾದಿಗೆ ಮುಂಚೆ ಪರೀಕ್ಷೆಯೂ ಮುಗಿದು, ಕಚೇರಿಯ ಗೋಡೆಗೆ ಪಾಸಾದವರ ಪಟ್ಟಿ ಅಂಟಿಸಿದರು. ಅದರಲ್ಲಿ ಹದಿಮೂರು ಊರುಗಳಿದ್ದವು. ಕುರುಗೋಡು ಇರಲಿಲ್ಲ. ಮೊಕದ್ದಮೆ ಹೂಡುವುದಿಲ್ಲ, ದಯೆ ತೋರಿಸಿದ್ದೇವೆ, ಆದರೆ ಕಾಯ್ದಿಟ್ಟ ಕಾಡಿಗೆ ಬೇಕೆಂದೇ ಬೆಂಕಿ ಇಟ್ಟವನನ್ನು ಕಾಡು ಕಾಯಲು ಇಡಲಾಗದು ಎಂದು ಕಾಗದ. ಅವನು ಅದನ್ನು ನನ್ನಿಂದಲೇ ಓದಿಸಿದ. ಷೆಡ್ಡಿಗೆ ಹೋಗಿ ಹಾಸಿಗೆ ಸುತ್ತಿಕೊಂಡ.

ರೇಂಜರು ನನ್ನನ್ನು ಕರೆದು, ಪಟ್ಟಿಯ ಪ್ರತಿಯನ್ನು ಮಡಚಿ ಮೇಜಿನ ಖಾನೆಗೆ ಹಾಕಿದರು. ಆಮೇಲೆ "ಹೋಗು" ಎಂದರು.

ನಾನು ಮೂರು ಅರ್ಜಿ ಬರೆದೆ. ಮೂರೂ ಇಂಗ್ಲಿಷಿನಲ್ಲಿ, ಒಂದಕ್ಕಿಂತ ಒಂದು ಹರಿತ. ಒಂದಕ್ಕೂ ಉತ್ತರ ಬರಲಿಲ್ಲ. ಪರೀಕ್ಷೆಯಲ್ಲಿ ನಾನು ಮೊದಲನೆಯವನಾಗಿ ಬಂದೆ. ಎದುರು ಬೆಂಕಿ ಹಚ್ಚುವ ಸಮಯ ಯಾವುದು ಎಂಬ ಪ್ರಶ್ನೆಗೆ ಅವನು ಕಟ್ಟೆಯ ಮೇಲೆ ಹೇಳಿದ್ದನ್ನೇ ಬರೆದಿದ್ದೆ, ಪೂರ್ತಿ ಅಂಕ ಸಿಕ್ಕಿತು. ಅದನ್ನು ಮಾಡಿದವನಿಗೆ ಪಟ್ಟಿಯಲ್ಲಿ ಜಾಗವಿಲ್ಲ, ಬರೆದವನಿಗೆ ಮೊದಲ ಜಾಗ. ಇದನ್ನು ಯಾವ ಸಭೆಯಲ್ಲಿ ಬೇಕಾದರೂ ಖಂಡಿಸಲು ನಾನು ಸಿದ್ಧ. ಆದರೆ ಯಾರ ವಿರುದ್ಧ ನಿಂತು ಮಾತಾಡಲಿ? ವಾದ ಮಂಡಿಸಿದವನು ನಾನೇ.

ಚೆನ್ನಾಗಿ ಮಾತಾಡುತ್ತೇನೆಂದು ಮುಂದಿನ ತಂಡಕ್ಕೆ ಪಾಠ ಹೇಳಲು ನನ್ನನ್ನೇ ಸಹಾಯಕನಾಗಿ ಇಟ್ಟುಕೊಂಡರು. ಡ್ರಿಲ್ಲಿಗೆ ಜಾಗ ಗುರುತು ಮಾಡಿ ಬಾ ಎಂದು ಕುರುಗೋಡಿಗೆ ಕಳಿಸಿದರು. ಆಗ ದೀಪಾವಳಿಗೆ ಇನ್ನು ನಾಲ್ಕು ದಿನ ಇತ್ತು.

ಗುಡ್ಡದ ಬುಡದಲ್ಲಿ ಅವನು ಸಿಕ್ಕ. ಕಂಬಳಿ ಹೆಗಲ ಮೇಲಿತ್ತು, ಮುಂದೆ ಕುರಿ. ಅಣ್ಣ ಮುಂದೆ ಹೋಗಿದ್ದನಂತೆ. ಹಚ್ಚೊಳ್ಳಿಯ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿಸಲು ಹೊರಟಿದ್ದರು.

"ಏನಲೇ ಬಜಾರ, ಬಿಲ್ಲಿ ಚಲೋ ಕಾಣತೈತಿ," ಎಂದ. ಅಣಕವಿರಲಿಲ್ಲ, ಅದೇ ನನಗೆ ಕಷ್ಟವಾಯಿತು.

ನಾಲ್ಕನೆಯ ಅರ್ಜಿಯ ಮಾತೆತ್ತಿದೆ. ಹೊಸ ಅಂಶಗಳನ್ನು ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಕೇಳಿದ:

"ಅದಿರಲಿ. ಆವತ್ತ ಆ ದೊಡ್ಡ ಸಾಹೇಬ ಚಾಳೀಸು ತಗದಿಟ್ಟು ಒಂದು ಏನೋ ಕೇಳಿದ. ನೀ ನನಗ ಅದನ್ನ ಹೇಳಲೇ ಇಲ್ಲ. ಏನ್ ಕೇಳಿದ್ದ?"

ಹೇಳದೇ ಇರಬಹುದಿತ್ತು. ಸುಮ್ಮನಿರುವುದನ್ನು ಕಲಿಯಲು ಅದಕ್ಕಿಂತ ಸುಲಭದ ದಿನ ನನಗೆ ಸಿಗುತ್ತಿರಲಿಲ್ಲ. ಆದರೆ ಹೇಳಿದೆ. ಕಿಡಿ ಹಾರಿ ತಾನಾಗಿ ಹತ್ತಿಕೊಂಡಿರಬಹುದಲ್ಲವೇ, ಅವನನ್ನು ಕೇಳಿ ಎಂದರು ಎಂದು ಶಬ್ದ ಬಿಡದೇ ಹೇಳಿದೆ. ದುಭಾಷಿಯ ಕೆಲಸ ಏಳು ತಿಂಗಳು ತಡವಾಗಿ ಮುಗಿಯಿತು.

ಅವನು ಕುರಿಗಳ ಕಡೆ ನೋಡುತ್ತ ನಿಂತ.

"ಅಷ್ಟನ? ಹೂಂ ಅಂತಿದ್ನಲ್ಲೋ."

"ಅದು ಸುಳ್ಳಾಗುತ್ತಿತ್ತು," ಎಂದೆ. ಬಾಯಿ ತಾನಾಗಿ ಅಂದಿತು.

"ಹೌದು. ಸಣ್ಣ ಸುಳ್ಳು." ಅವನ ದನಿ ಏರಲಿಲ್ಲ. "ಹೇಳೋ ಬಿಡೋ ಅನ್ನೂದು ನನ್ನ ಕೆಲಸ ಇತ್ತು. ನೀ ನನ್ನ ಕೇಳಬೇಕಿತ್ತು."

ನಾನು ಅರ್ಜಿಯ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದೆ.

ಬೆಂಕಿಗೆರೆಯ ಅಂಚಿನಲ್ಲಿ, ಅವನು ಕಡ್ಡಿ ಗೀರಿದ ಜಾಗಕ್ಕೆ ಹತ್ತು ಹೆಜ್ಜೆ ಈಚೆ, ಇಲಾಖೆ ಹೊಸದಾಗಿ ಒಂದು ತಗಡಿನ ಬೋರ್ಡು ನೆಟ್ಟಿತ್ತು. ಅದರ ಹಿಂದೆ ಬೇವಿನ ಸಸಿಗಳು ಒಂದು ಮಳೆಗಾಲ ಕುಡಿದು ನನ್ನ ಎದೆಮಟ್ಟ ಬಂದಿದ್ದವು. ಬೋರ್ಡು ಇಂಗ್ಲಿಷಿನಲ್ಲಿತ್ತು, ಕೆಳಗೆ ತೆಲುಗು. ಕನ್ನಡ ಇರಲಿಲ್ಲ.

"ಏನ್ ಬರದಾರ ಅದರಾಗ? ಓದಿ ಹೇಳು."

"ಇಲ್ಲಿ ಬೆಂಕಿ ಹಚ್ಚುವುದು ಅಪರಾಧ. ಕುರಿ, ಆಡು, ದನ ಬಿಡುವುದು ಅಪರಾಧ."

"ಪೂರಾ ಓದಿದ್ಯಾ? ಬ್ಯಾರೆ ಏನೂ ಇಲ್ಲ?"

"ಇಷ್ಟೇ."

ಅವನು ಸರಿ ಎಂಬಂತೆ ತಲೆ ಆಡಿಸಿದ. ನಾಲಿಗೆ ಮಡಚಿ ಒಂದು ಸದ್ದು ಮಾಡಿದ. ಕುರಿಗಳು ಬೋರ್ಡಿನ ಆಚೆಯಿಂದ, ಗಾಡಿದಾರಿ ಹಿಡಿದು, ಸಿರುಗುಪ್ಪದ ಕಡೆ ತಿರುಗಿದವು. ಅವನು ಒಮ್ಮೆ ನಿಂತು, ಬಗ್ಗಿ, ಬೇವಿನ ಮೊದಲ ಸಾಲಿನ ಒಂದು ಸಸಿಯ ಬುಡಕ್ಕೆ ಸುತ್ತಿಕೊಂಡಿದ್ದ ಕರಡದ ಹುಲ್ಲನ್ನು ಕಿತ್ತು ಬಿಸುಟ. ಆಮೇಲೆ ಹೋದ. ನಾನು ಚೀಲದಿಂದ ಕೆಂಪು ಬಟ್ಟೆ ತೆಗೆದು, ಡ್ರಿಲ್ಲಿನ ಗುರುತಿಗೆಂದು, ಆ ಬೋರ್ಡಿನ ಕಂಬಕ್ಕೇ ಕಟ್ಟಿದೆ.